ಶಪ್ಪೀರಾಳ ಸಾಕ್ಷಿ

ಕೋಟೆಯಿಂದ ಬಿಡುಗಡೆಯಾಗಿ ಅತ್ತೆ ಸೊಸೆ ಮನೆಗೆ ಬಂದಾಗ ಮೇಲಣ ಪೇಟೆಯ ಅಂಗಡಿಗಳು ಆಗಷ್ಟೇ ಬಾಗಿಲು ತೆಗೆಯುತ್ತಿದ್ದವು. ಅತ್ತೆ ಶಪ್ಪೀರಾ ಸೊಸೆಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಸೊಸೆ ಯೋಹನಾಳ ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಅಂಗಡಿಯವರು ಇಬ್ಬರನ್ನೂ ನೋಡಿ ತಲೆ ತಗ್ಗಿಸಿದರು. ಯಾಜಕರ ಮನೆತನದ ಹೆಂಗಸರು ಹೀಗೆ ಬೀದಿಯಲ್ಲಿ ನಡೆದು ಬಂದದ್ದನ್ನು ಯೆರೂಸಲೇಮಿನಲ್ಲಿ ಯಾರೂ ಕಂಡಿರಲಿಲ್ಲ.

ಆದದ್ದು ಇಷ್ಟೇ. ರೋಮಿನ ಅಧಿಪತಿ ಪೇಟೆಯ ಮೂಲಕ ಹೋಗುವಾಗ ಯಾರೋ ಪಡ್ಡೆ ಹುಡುಗರು ಮಹಡಿಯಿಂದ ಕೊಳೆತ ದಾಳಿಂಬೆ ಎಸೆದಿದ್ದರು. ಎಸೆದವರು ಸಿಗಲಿಲ್ಲ. ಸೈನಿಕರು ಆ ಬೀದಿಯ ದೊಡ್ಡ ಮನೆಗಳಿಗೆ ನುಗ್ಗಿ ಕೈಗೆ ಸಿಕ್ಕವರನ್ನು ಒತ್ತೆಯಾಗಿ ತಮ್ಮ ಕೋಟೆಗೆ ಎಳೆದುಕೊಂಡು ಹೋದರು. ಶಪ್ಪೀರಾಳ ಮಗ ಯೋಎಜೆರ್ ಆಗ ದೇವಾಲಯದಲ್ಲಿದ್ದ. ಅವನ ಮತ್ತು ಯೋಹನಾಳ ಮಗಳು ತವೀತಾ ಅಡುಗೆಯ ಕಿಪ್ಪಾಳ ಜೊತೆ ಕೆಳಗಿನ ಉಗ್ರಾಣದಲ್ಲಿ ಅಡಗಿ ಉಳಿದುಕೊಂಡಳು. ಎರಡು ರಾತ್ರಿ ಕಳೆದ ಮೇಲೆ, ಮನೆತನಗಳ ಹಿರಿಯರೆಲ್ಲ ಅಧಿಪತಿಯ ಮುಂದೆ ನಿಂತು ಬೇಡಿಕೊಂಡು ತಮ್ಮವರನ್ನು ಬಿಡಿಸಿಕೊಂಡರು.

ಇಬ್ಬರೂ ನೆಲಮಾಳಿಗೆಯ ಶುದ್ಧಿಸ್ನಾನದ ಕೊಳದಲ್ಲಿ ಮುಳುಗಿ ಎದ್ದು ಬಂದರು. ಕಿಪ್ಪಾ ಬೇಳೆ ಸಾರು, ಬಿಸಿ ರೊಟ್ಟಿ, ಆಲಿವ್ ಕಾಯಿ ತಂದಿಟ್ಟಳು. ಯೋಎಜೆರ್ ಹೆಂಡತಿಯ ಪಕ್ಕದಲ್ಲೇ ಕೂತು ರೊಟ್ಟಿ ಮುರಿದು ಅವಳ ಮುಂದಿಟ್ಟ.

"ಊಟ ಕೊಟ್ರಾ ಅಮ್ಮ, ಅಲ್ಲಿ?"

"ಕೊಟ್ರು, ಕುದುರೆಗೆ ಹಾಕೋ ಹಾಗೆ," ಅಂದಳು ಶಪ್ಪೀರಾ. "ಧಾನ್ಯದ ಕೋಣೇಲಿ ಕೂಡಿಹಾಕಿದ್ರು. ನಾವಿಬ್ಬರೇ. ಎರಡನೇ ದಿನ ನನಗೆ ಜ್ವರ ಬಂತು ನೋಡು, ಎಲ್ಲಿ ಬಿದ್ದೆನೋ, ಯಾವಾಗ ನಿದ್ದೆ ಹತ್ತಿತೋ, ಒಂದೂ ಗೊತ್ತಿಲ್ಲ."

ಶಪ್ಪೀರಾ ಇದ್ದದ್ದನ್ನು ಇದ್ದ ಹಾಗೆ ಹೇಳುವವಳು. ಔತಣಕ್ಕೆ ಬಂದವರ ಮುಂದೆ, "ಮೀನು ನಿನ್ನೇದು, ನೋಡ್ಕೊಂಡು ತಿನ್ನಿ," ಎಂದು ಮಗನ ಮಾನ ಕಳೆದ ಹೆಂಗಸು. ಆ ಹೊತ್ತಿನಲ್ಲಿ ಅವಳ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಬದುಕಿ ಬಂದರಲ್ಲ ಎಂಬುದೇ ದೊಡ್ಡದಾಗಿತ್ತು.

ಮಧ್ಯಾಹ್ನ ಯೋಎಜೆರನ ಚಿಕ್ಕಪ್ಪ ಹಿಲ್ಕಿಯಾ ಬಂದ. ಯಾಜಕರ ಮನೆತನಗಳ ಶುದ್ಧಿ ಅಶುದ್ಧಿಗಳನ್ನು ವಿಚಾರಿಸುವ ಹಿರಿಯರಲ್ಲಿ ಅವನೂ ಒಬ್ಬ. ಹೊಸ್ತಿಲು ದಾಟದೆ ನಿಂತೇ ಕೇಳಿದ.

"ಯೋಎಜೆರ್, ಹೆಂಡತಿ ಕೋಣೆಗೆ ಹೋದೆಯಾ?"

"ಇಲ್ಲ. ಈಗಷ್ಟೇ ಊಟ ಆಯ್ತು. ಯಾಕೆ ಚಿಕ್ಕಪ್ಪ?"

"ಹೋಗಬೇಡ. ಪರರ ಸೆರೇಲಿ ಇದ್ದು ಬಂದ ಹೆಂಗಸು ಯಾಜಕನ ಹೆಂಡತಿಯಾಗಿ ಮುಂದುವರಿಬೇಕಾದ್ರೆ ಸಾಕ್ಷಿ ಬೇಕು. ನಿನಗೆ ಗೊತ್ತಿಲ್ಲದ್ದಲ್ಲ."

"ಅವಳೇ ಹೇಳ್ತಾಳಲ್ಲ, ಯಾರೂ ಮುಟ್ಟಿಲ್ಲ ಅಂತ!"

"ಅವಳ ಮಾತು ನಡೆಯೋಲ್ಲ. ನಿನ್ನ ಮಾತೂ ನಡೆಯೋಲ್ಲ. ಬೇರೆ ಯಾರ ಮಾತಾದ್ರೂ ಸರಿ." ಹಿಲ್ಕಿಯಾ ಒಳಗೆ ನೋಡಿ ನಕ್ಕ. "ಅದಕ್ಕ್ಯಾಕೆ ಮುಖ ಹಾಗೆ ಮಾಡ್ತೀಯ? ಅತ್ತಿಗೆ ಜೊತೇಲೇ ಇದ್ರಲ್ಲ. ಎರಡು ರಾತ್ರೀನೂ ಸೊಸೆ ನನ್ನ ಕಣ್ಣೆದುರೇ ಇದ್ದಳು ಅಂತ ಒಂದು ಮಾತು ಹಿರಿಯರ ಮುಂದೆ ಹೇಳಿದ್ರೆ ಮುಗೀತು. ಅಲ್ವಾ ಅತ್ತಿಗೆ?"

ಎಲ್ಲರೂ ಶಪ್ಪೀರಾಳ ಕಡೆ ತಿರುಗಿದರು. ಅವಳು ಕಲ್ಲಿನ ಲೋಟವನ್ನು ಕೆಳಗಿಟ್ಟಳು.

"ಇವತ್ತು ಬೇಡ ಹಿಲ್ಕಿಯಾ. ತಲೆ ಸುತ್ತುತ್ತಾ ಇದೆ," ಅಂದು ಎದ್ದು ಹೋದಳು.

ಮರುದಿನವೂ ಅವಳು ಹೇಳಲಿಲ್ಲ. ಅದರ ಮಾರನೇ ದಿನವೂ ಇಲ್ಲ.

ಯೋಹನಾಳ ಹಾಸಿಗೆಯನ್ನು ಅಂಗಳದ ಆಚೆಬದಿಯ ಕೋಣೆಗೆ ಸಾಗಿಸಿದರು. ಗಂಡ ಹೆಂಡತಿ ಇಬ್ಬರೇ ಒಂದು ಸೂರಿನಡಿ ಇರುವಂತಿರಲಿಲ್ಲ. ಯಾಜಕರ ಪಾಲಿಗೆ ಬರುವ ಪವಿತ್ರವಾದ ಹಿಟ್ಟು, ಎಣ್ಣೆ, ದ್ರಾಕ್ಷಾರಸ ಯಾವುದನ್ನೂ ಅವಳು ಮುಟ್ಟುವಂತಿರಲಿಲ್ಲ. ಹಾಗಾಗಿ ಕಿಪ್ಪಾ ಎರಡು ಹಿಟ್ಟು ಕಲಸತೊಡಗಿದಳು. ಒಂದು ಮನೆಯವರಿಗೆ, ಪೇಟೆಯಿಂದ ತಂದ ಇನ್ನೊಂದು ಯೋಹನಾಳಿಗೆ.

"ಹದಿನಾರು ವರ್ಷ ಈ ಮನೇಲಿ ನಾನೇ ಹಿಟ್ಟು ಅಳೆದು ಕೊಟ್ಟೆ," ಎಂದು ಯೋಹನಾ ನಗಲು ನೋಡಿದಳು. "ಈಗ ಪಾತ್ರೆ ಮುಟ್ಟೋಕೆ ನಿನ್ನ ಅಪ್ಪಣೆ ಕೇಳಬೇಕು."

"ಹಾಗನ್ನಬೇಡಿ ಅಮ್ಮಾವ್ರೇ," ಅಂದಳು ಕಿಪ್ಪಾ. "ಸತ್ಯವಾಗಿ ಹೇಳ್ತೀನಿ, ನಿಮ್ಮ ರೊಟ್ಟೀನೇ ಚೆನ್ನಾಗಿ ಉಬ್ಬುತ್ತೆ. ಆ ಹಿಟ್ಟಿಗೂ ಗೊತ್ತಾಗಿದೆ, ನಿಮ್ಮ ತಪ್ಪೇನಿಲ್ಲ ಅಂತ."

ಮೊದಲು ಯೋಹನಾ ಅಂಗಳದಲ್ಲಿ ಒಬ್ಬಳೇ ಕೂತು ತಿನ್ನುತ್ತಿದ್ದಳು. ವಾರ ಕಳೆಯುವಷ್ಟರಲ್ಲಿ ತವೀತಾ ತನ್ನ ತಟ್ಟೆ ಹಿಡಿದುಕೊಂಡು ಬಂದು ಅಮ್ಮನ ಪಕ್ಕದಲ್ಲಿ ಕೂತಳು. ಹದಿನೈದರ ಹುಡುಗಿ. ಮದುವೆ ಗೊತ್ತಾಗಿತ್ತು, ಪರ್ಣಶಾಲೆಗಳ ಹಬ್ಬ ಕಳೆದ ಮೇಲೆ ಗಂಡನ ಮನೆಗೆ ಹೋಗಬೇಕಾದವಳು. ಅಜ್ಜಿಯ ಮೂಗು, ಅಜ್ಜಿಯ ನಾಲಿಗೆ.

"ಒಳಗೆ ಬಾ, ಊಟ ಆರುತ್ತೆ," ಎಂದು ಶಪ್ಪೀರಾ ಕರೆದಳು.

"ನನಗೆ ಇಲ್ಲೇ ಬಿಸಿಯಾಗಿದೆ ಅಜ್ಜಿ."

ಬೇಳೆ ಆರಿಸಲು ಇಬ್ಬರೂ ಮೊರ ಹಿಡಿದು ಕೂತ ದಿನ ತವೀತಾ ಬಾಯಿಬಿಟ್ಟೇ ಕೇಳಿದಳು.

"ಅಮ್ಮ ನಿನಗೆ ಏನು ಮಾಡಿದ್ದಾಳೆ ಅಜ್ಜಿ?"

"ಏನೂ ಮಾಡಿಲ್ಲ."

"ಮತ್ತೆ ಒಂದೇ ಒಂದು ಮಾತು ಹೇಳೋಕೆ ನಿನ್ನ ಗಂಟೇನು ಹೋಗುತ್ತೆ?"

"ಹೋಗುತ್ತೆ ಕಣೇ. ನನ್ನ ಅಪ್ಪ ಯಾಜಕ, ಗಂಡ ಯಾಜಕ, ಮಗ ಯಾಜಕ. ದೇವರ ಹೆಸರಲ್ಲಿ ನಿಂತು ಕಂಡದ್ದು ಹೇಳು ಅಂದಾಗ ಕಾಣದೇ ಇದ್ದದ್ದನ್ನ ಹೇಳ್ಲಾ?"

"ಅಂದ್ರೆ ನೀನು ಕಾಣಲಿಲ್ಲ?"

ಮುದುಕಿ ಮೊರವನ್ನು ಜೋರಾಗಿ ಕುಟ್ಟಿದಳು. "ಕಲ್ಲು ನೋಡಿ ಆರಿಸು. ನಿನ್ನೆ ನಿಮ್ಮಪ್ಪನ ಹಲ್ಲಿಗೆ ಸಿಕ್ಕಿತ್ತು."

"ಇನ್ನೂ ದೊಡ್ಡದು ಸಿಗಬೇಕಿತ್ತು," ಅಂದು ತವೀತಾ ಮೊರ ಬಿಟ್ಟು ಎದ್ದಳು.

ಅಂಜೂರ ಒಣಗಿಸುವ ಕಾಲ. ಮಹಡಿಯ ಮೇಲೆ ಚಾಪೆ ಹಾಸಿ ಹಣ್ಣು ಹರಡಲು ಶಪ್ಪೀರಾ ಹೋದಾಗ ಅಲ್ಲಿ ಯೋಹನಾ ಆಗಲೇ ಕೂತಿದ್ದಳು. ದೇವಾಲಯದ ಬಲಿಪೀಠದ ಹೊಗೆ ನೆಟ್ಟಗೆ ಏರುತ್ತಿತ್ತು. ಇಬ್ಬರೂ ಸೇರಿ ಅರ್ಧ ಬುಟ್ಟಿ ಹರಡಿದರು.

"ಅತ್ತೆ, ನೀವು ಎದ್ದಾಗ ನಾನು ಪಕ್ಕದಲ್ಲಿ ಇರಲಿಲ್ಲ. ಅದಕ್ಕೇ ತಾನೆ?"

ಶಪ್ಪೀರಾ ಹೌದೆಂದು ತಲೆಯಾಡಿಸಿದಳು.

"ನೀರು, ನೀರು ಅಂತಿದ್ರಿ. ತುಟಿ ಒಡೆದುಹೋಗಿತ್ತು. ಬಾಗಿಲು ಬಡಿದೆ, ಕಾವಲಿನವನು ತೆಗೆದ. ಅಂಗಳದ ತೊಟ್ಟಿ ತೋರಿಸಿದ. ತುಂಬಿಕೊಂಡು ಬಂದೆ."

"ಗೊತ್ತು. ಆ ನೀರು ಕುಡಿದಿದ್ದಕ್ಕೇ ನಾನು ಇವತ್ತು ಇಲ್ಲಿದೀನಿ."

"ಅವನು ನನ್ನ ಮುಖ ಕೂಡ ನೋಡಲಿಲ್ಲ. ನಿದ್ದೆಗಣ್ಣಲ್ಲಿದ್ದ." ಯೋಹನಾ ಅತ್ತೆಯ ಕಡೆ ತಿರುಗಿದಳು. "ನನ್ನ ನಂಬ್ತೀರಾ?"

"ನಂಬ್ತೀನಿ."

"ಹಾಗಾದ್ರೆ ಹೇಳಿಬಿಡಿ ಅತ್ತೆ."

"ನಂಬಿದ್ದೇನು ಅಂತ ಕೇಳಿದ್ರೆ ಬೀದೀಲಿ ನಿಂತು ಕೂಗಿ ಹೇಳ್ತಿದ್ದೆ. ಅವರು ಕೇಳೋದು ಕಂಡದ್ದು. ನಾನು ಬಿದ್ದುಕೊಂಡಿದ್ದೆ ಯೋಹನಾ. ನೀನು ಹೋಗಿ ಎಷ್ಟು ಹೊತ್ತಾಯ್ತು, ಎಷ್ಟು ಹೊತ್ತಿಗೆ ಬಂದೆ, ಒಂದೂ ಗೊತ್ತಿಲ್ಲ."

ಯೋಹನಾ ಕೈಯಲ್ಲಿದ್ದ ಅಂಜೂರವನ್ನು ಚಾಪೆಗೆ ಒತ್ತಿದಳು. "ನಿಮ್ಮ ಜಾಗದಲ್ಲಿ ನನ್ನಮ್ಮ ಇದ್ದಿದ್ರೆ ಆವತ್ತೇ ಸುಳ್ಳು ಹೇಳ್ತಿದ್ದಳು."

"ಹೇಳ್ತಿದ್ದಳು," ಅಂದಳು ಶಪ್ಪೀರಾ. "ನಿಮ್ಮಮ್ಮ ಒಳ್ಳೇ ಹೆಂಗಸು."

ಬೇಸಗೆ ಮುಗಿಯುತ್ತ ಬಂತು. ಯೋಎಜೆರನ ಪಂಗಡ ದೇವಾಲಯದಲ್ಲಿ ಸೇವೆಗೆ ನಿಲ್ಲುವ ವಾರ ಹತ್ತಿರವಾಯಿತು. ಅಷ್ಟರೊಳಗೆ ಇತ್ಯರ್ಥವಾಗಬೇಕು, ಇಲ್ಲದಿದ್ದರೆ ಹೆಂಡತಿಗೆ ಮದುವೆ ಮುರಿಯುವ ಬಿಡುಗಡೆಯ ಪತ್ರ ಕೊಡಬೇಕು, ಅದೂ ಆಗದಿದ್ದರೆ ಬಲಿಪೀಠದ ಹತ್ತಿರ ಬರಕೂಡದು ಎಂದು ಹಿಲ್ಕಿಯಾ ಹೇಳಿಕಳಿಸಿದ. ಆ ದಿನ ಊಟದ ಹೊತ್ತಿಗೆ ತಾಯಿ ಮಗನಿಗೆ ಜಗಳ ಹತ್ತಿತು.

"ನೀನು ಯಾಕೆ ಸುಮ್ಮನಿದೀಯ ಅಂತ ಊರೆಲ್ಲ ಕೇಳ್ತಾ ಇದೆ," ಅಂದ ಯೋಎಜೆರ್. "ಏನೂ ಆಗಿಲ್ಲ ಅಂದ್ರೆ ಮುದುಕಿ ಯಾಕೆ ಬಾಯಿಬಿಡೋಲ್ಲ ಅಂತಾರೆ."

"ಊರು ಕೇಳ್ತಾ ಇದೆಯೋ, ನೀನು ಕೇಳ್ತಾ ಇದೀಯೋ?"

"ನಾನೇ ಕೇಳ್ತೀನಿ ಅನ್ಕೋ. ಯಾಕೆ ಸುಮ್ಮನಿದೀಯ?"

"ನಿದ್ದೆ ಬಂದಿತ್ತು ಅಂತ ಮೊದಲ ದಿನವೇ ಹೇಳಿದೆನಲ್ಲೋ. ಅಷ್ಟೇ. ನಿನಗೆ ಅವಳು ಬೇಕು ಅಂದ್ರೆ ಸೇವೆ ಬಿಡು. ಎಷ್ಟೋ ಜನ ಬಿಟ್ಟಿದ್ದಾರೆ. ಯೆರಿಕೋವಿನ ತೋಟ ನೋಡ್ಕೊಂಡು ಇಬ್ಬರೂ ಸುಖವಾಗಿರಿ."

ಸೇವೆ ಬಿಟ್ಟ ಯಾಜಕನನ್ನು ಹಬ್ಬದಲ್ಲಿ ಎಲ್ಲಿ ನಿಲ್ಲಿಸುತ್ತಾರೆ ಎಂದು ಯೋಎಜೆರನಿಗೆ ಗೊತ್ತಿತ್ತು. ಕೈ ತೊಳೆದು ಅಂಗಳಕ್ಕೆ ಹೋದ. ಯೋಹನಾ ನೂಲು ಸುತ್ತುತ್ತಿದ್ದಳು. ಇಬ್ಬರೇ ಇರಬಾರದೆಂದು ಕಿಪ್ಪಾ ಪಾತ್ರೆ ಉಜ್ಜುತ್ತ ಅಲ್ಲೇ ಉಳಿದಳು.

"ಯೋಹನಾ, ನನಗೊಬ್ಬನಿಗೆ ಹೇಳು. ನಾನು ಯಾರಿಗೂ ಹೇಳೋಲ್ಲ."

"ಏನು ಹೇಳ್ಲಿ?"

"ನೀರಿಗೆ ಹೋಗಿದ್ದೆ ಅಂದೆಯಲ್ಲ. ಅಲ್ಲಿ... ಏನಾದ್ರೂ ಆಯ್ತಾ? ಆಗಿದ್ರೂ ನಿನ್ನ ತಪ್ಪಲ್ಲ. ಗೊತ್ತಾಗಬೇಕು ಅಷ್ಟೇ."

ಯೋಹನಾಳ ಕೈಯಲ್ಲಿ ನೂಲು ನಿಂತಿತು.

"ಬಂದ ದಿನ ಹೇಳಿದ್ದೆನಲ್ಲ ನಿಮಗೆ."

"ಹೇಳಿದ್ದೆ. ಇನ್ನೊಂದು ಸಲ ಹೇಳು."

"ಇನ್ನೊಂದು ಸಲ ಹೇಳೋದಿಲ್ಲ," ಅಂದಳು ಯೋಹನಾ.

ಕಿಪ್ಪಾ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಿಲ್ಲ. ಒಲೆಯ ಮುಂದೆ ಕೂತು ಅಳುತ್ತ ಶಪ್ಪೀರಾಳಿಗೆ ಎಲ್ಲವನ್ನೂ ಹೇಳಿದಳು. ತಾನು ಬಾಯಿ ಮುಚ್ಚಿಕೊಂಡದ್ದು ಮಗನ ಮನಸ್ಸಿನಲ್ಲಿ ಏನನ್ನು ಬೆಳೆಸಿತು ಎಂದು ಮುದುಕಿಗೆ ಆಗ ತಿಳಿಯಿತು. ಸತ್ಯವನ್ನು ಕಾಯುತ್ತಿದ್ದೇನೆ ಅಂದುಕೊಂಡಿದ್ದಳು. ಆದರೆ ಸತ್ಯವೆಂದರೆ ನೀರಿನ ಪಾತ್ರೆ ಹಿಡಿದು ಬಂದ ಆ ಹೆಂಗಸು, ಅವಳನ್ನು ಕಾಯುವವರೇ ಇರಲಿಲ್ಲ.

ಬೆಳಿಗ್ಗೆ ಅವಳು ಬಿಳಿಯ ನಾರುಬಟ್ಟೆ ಉಟ್ಟು ಮಗನನ್ನು ಕರೆದಳು.

"ನಡಿ. ಹಿರಿಯರ ಹತ್ತಿರ ಹೋಗೋಣ."

"ಏನು ಹೇಳ್ತೀಯ ಅಮ್ಮ?"

"ನಡಿ ಅಂದೆ."

ಕಲ್ಲಿನ ಸಭಾಂಗಣದಲ್ಲಿ ಹಿಲ್ಕಿಯಾ ಮತ್ತು ಇನ್ನಿಬ್ಬರು ಹಿರಿಯರು ಕೂತಿದ್ದರು. ಶಪ್ಪೀರಾ ಅವರ ಮುಂದೆ ನೆಟ್ಟಗೆ ನಿಂತಳು.

"ಎರಡು ರಾತ್ರೀನೂ ನನ್ನ ಸೊಸೆ ನನ್ನ ಪಕ್ಕದಲ್ಲೇ ಇದ್ದಳು. ಅವಳ ಕೈ ನನ್ನ ಕೈಯಲ್ಲಿತ್ತು. ನಾನು ಕಣ್ಣು ಮುಚ್ಚಲಿಲ್ಲ. ಯಾರೂ ಅವಳನ್ನ ಮುಟ್ಟಲಿಲ್ಲ."

"ಇಷ್ಟು ದಿನ ಯಾಕೆ ಹೇಳಲಿಲ್ಲ ತಾಯಿ?" ಒಬ್ಬ ಹಿರಿಯ ಕೇಳಿದ.

"ಸೊಸೆ ಮೇಲೆ ಸಿಟ್ಟಿತ್ತು. ಅತ್ತೆ ಸೊಸೆ ಜಗಳ. ನಿಮ್ಮ ಮನೇಲಿ ಇಲ್ವಾ?"

ಹಿರಿಯರು ನಕ್ಕರು. ಶಪ್ಪೀರಾಳ ಮಾತಿನ ಮೇಲೆ ಅನುಮಾನ ಪಡುವವರು ಊರಲ್ಲಿ ಯಾರೂ ಇರಲಿಲ್ಲ. ಯೋಹನಾ ಶುದ್ಧಳು, ಗಂಡನ ಜೊತೆ ಬಾಳಬಹುದು ಎಂದು ತೀರ್ಮಾನವಾಯಿತು. ಗೋಡೆಗೆ ಒರಗಿ ನಿಂತಿದ್ದ ಯೋಎಜೆರ್ ಮಾತ್ರ ನಗಲಿಲ್ಲ. ಅಮ್ಮ ಸುಳ್ಳು ಹೇಳಿದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಇಂಥವಳ ಬಾಯಲ್ಲೂ ಸುಳ್ಳು ಹೊರಡಬೇಕಾದರೆ ಮುಚ್ಚಿಡುವಂಥದ್ದು ಏನೋ ಇರಲೇಬೇಕು ಎಂದು ದಾರಿಯುದ್ದಕ್ಕೂ ಅವನಿಗೆ ಅನ್ನಿಸುತ್ತಲೇ ಇತ್ತು.

ಮನೆಯಲ್ಲಿ ಹಬ್ಬವಾಯಿತು. ಕಿಪ್ಪಾ ಒಂದೇ ಹಿಟ್ಟು ಕಲಸಿ, ಎಳ್ಳು ಉದುರಿಸಿ, ಬೇಕಂತಲೇ ದೊಡ್ಡ ರೊಟ್ಟಿ ತಟ್ಟಿದಳು. ತವೀತಾ ಅಜ್ಜಿಯ ಕುತ್ತಿಗೆಗೆ ಜೋತುಬಿದ್ದು, "ಬೇಳೆಯಲ್ಲಿನ ಕಲ್ಲನ್ನೆಲ್ಲ ನಾನೇ ಆರಿಸ್ತೀನಿ ಅಜ್ಜಿ," ಅಂದಳು. ಯೋಹನಾಳ ಹಾಸಿಗೆ ಮತ್ತೆ ಗಂಡನ ಕೋಣೆಗೆ ಬಂತು.

ಗಂಡ ಬರಲಿಲ್ಲ. ಸೇವೆಯ ವಾರ ಬಂತು, ಶುದ್ಧನಾಗಿರಬೇಕು ಅಂದ. ಸೇವೆ ಮುಗಿದ ಮೇಲೆ ಹಬ್ಬದ ಕೆಲಸ ಅಂದ. ಹಬ್ಬಕ್ಕೆ ಮಹಡಿಯ ಮೇಲೆ ಸೊಪ್ಪಿನ ಚಪ್ಪರ ಹಾಕಿದಾಗ ಅಲ್ಲೇ ಮಲಗಿದ. ಹಬ್ಬ ಮುಗಿದು ಚಪ್ಪರ ಬಿಚ್ಚಿದ ಮೇಲೂ ಅವನ ಹಾಸಿಗೆ ಕೆಳಗಿಳಿಯಲಿಲ್ಲ. ಹೆಂಡತಿಯ ಜೊತೆ ಅವನು ಒರಟಾಗಿ ನಡೆದುಕೊಂಡವನಲ್ಲ. ಊಟಕ್ಕೆ ಕೂತರೆ ಒಳ್ಳೆಯ ಮೀನನ್ನು ಅವಳ ಕಡೆ ಸರಿಸುತ್ತಿದ್ದ. ಅವಳ ಕೈ ತಟ್ಟೆಗೆ ಬಂದಾಗ ತನ್ನ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ.

ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ, ಎಲ್ಲರೂ ಇದ್ದಾಗಲೇ, ಯೋಹನಾ ಮಾತು ತೆಗೆದಳು.

"ತವೀತಾಳ ಮದುವೆ ಆಗಲಿ. ಆಮೇಲೆ ನನಗೆ ಬಿಡುಗಡೆ ಪತ್ರ ಬರೆಸಿಕೊಡಿ. ಯೆರಿಕೋಗೆ ನಮ್ಮಣ್ಣನ ಮನೆಗೆ ಹೋಗ್ತೀನಿ."

"ಏನು ಮಾತು ಇದು?" ಯೋಎಜೆರ್ ಬೆಚ್ಚಿದ. "ಹಿರಿಯರೇ ಒಪ್ಪಿದ್ದಾರೆ. ಈಗ ಯಾವ ಅಡ್ಡೀನೂ ಇಲ್ಲವಲ್ಲ."

"ಹಿರಿಯರು ಒಪ್ಪಿದ್ದಾರೆ. ನೀವು?"

"ನಾನು ಏನಾದ್ರೂ ಅಂದೆನಾ?"

"ಅಂದಿದ್ರೆ ಜಗಳ ಆಡ್ತಿದ್ದೆ. ಹದಿನಾರು ವರ್ಷ ಆಡಿಲ್ವಾ? ನೀವು ಮೀನು ಸರಿಸ್ತೀರಿ."

"ಅಪ್ಪ, ಏನಾದ್ರೂ ಹೇಳು!" ತವೀತಾ ಕಿರುಚಿದಳು. "ಬೇಡ ಇರು ಅನ್ನು! ಬಾಯಿಲ್ವಾ ನಿನಗೆ?"

ಯೋಎಜೆರ್ ಹೆಂಡತಿಯ ಕಡೆ ನೋಡಿದ, ನಂತರ ತಾಯಿಯ ಕಡೆ. ತುಟಿ ಅಲುಗಿತು. ಮಾತು ಬರಲಿಲ್ಲ. ಅಷ್ಟರಲ್ಲೇ ಎಲ್ಲ ಮುಗಿಯಿತು ಎಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಾಯಿತು.

ತವೀತಾಳ ಮದುವೆ ಚೆನ್ನಾಗಿ ನಡೆಯಿತು. ಯೋಹನಾ ತಾನೇ ನಿಂತು ಮಗಳಿಗೆ ತಲೆ ಬಾಚಿದಳು, ಹೆಂಗಸರ ಜೊತೆ ಕೈತಟ್ಟಿ ಹಾಡಿದಳು, ಬಂದವರ ತಟ್ಟೆ ಬರಿದಾಗದಂತೆ ನೋಡಿಕೊಂಡಳು. ಮಗಳನ್ನು ಪಲ್ಲಕ್ಕಿಯಲ್ಲಿ ಕೂರಿಸುವಾಗ ತವೀತಾ, "ನನ್ನ ಮೊದಲ ಹೆರಿಗೆಗೆ ಬರ್ತೀಯ ತಾನೆ?" ಎಂದು ಕೇಳಿದಳು. "ಕರೆದ್ರೆ ಬರ್ತೀನಿ," ಅಂದಳು ಯೋಹನಾ. "ಕರೀದೇ ಇದ್ರೂ ಬರ್ತೀನಿ ಹೋಗೇ." ಪಲ್ಲಕ್ಕಿ ತಿರುವು ದಾಟುವವರೆಗೂ ನಗುತ್ತ ಕೈಬೀಸಿದಳು. ಆಮೇಲೆ ಗೋಡೆ ಹಿಡಿದು ಅಲ್ಲೇ ಕುಸಿದು ಕೂತಳು.

ಅವಳ ಅಣ್ಣ ಕತ್ತೆಗಳನ್ನು ತಂದ ದಿನ ಯೋಎಜೆರ್ ಮನೆಯಲ್ಲಿರಲಿಲ್ಲ. ಸಾಮಾನು ಹೇರಿದ್ದಾಯಿತು. ಶಪ್ಪೀರಾ ಕೋಲೂರಿಕೊಂಡು ಬಾಗಿಲಿಗೆ ಬಂದಳು.

"ನಾನೂ ಬರ್ಲಾ ನಿನ್ನ ಜೊತೆ?"

"ಬೇಡ ಅತ್ತೆ."

"ಯಾಕೆ? ನಿನಗೆ ಭಾರ ಆಗ್ತೀನಾ?"

ಯೋಹನಾ ಮುದುಕಿಯ ಮುಸುಕನ್ನು ಸರಿಮಾಡಿದಳು. "ಭಾರ ಅಂತಲ್ಲ. ದಿನಾ ಬೆಳಿಗ್ಗೆ ನಿಮ್ಮ ಮುಖ ನೋಡಿದ್ರೆ, ಇವರು ಮೊದಲ ದಿನವೇ ಹೇಳಿದ್ದಿದ್ರೆ ಅನ್ನಿಸುತ್ತೆ. ನಿಮ್ಮನ್ನ ಬೈದುಬಿಡ್ತೀನಿ. ನಿಮ್ಮನ್ನ ಬೈಯೋಕೆ ನನಗೆ ಇಷ್ಟ ಇಲ್ಲ."

"ಬೈಯೇ. ಈಗಲೇ ಬೈ. ಬೈದುಬಿಟ್ಟು ಹೋಗು."

ಯೋಹನಾ ಬೈಯಲಿಲ್ಲ. ಬಾಗಿ ಅತ್ತೆಯ ಎರಡೂ ಕೈಗಳಿಗೆ ಮುತ್ತಿಟ್ಟಳು.

"ಈಗೀಗ ನನಗೇ ಅನ್ನಿಸುತ್ತೆ ಕಣೇ," ಅಂದಳು ಶಪ್ಪೀರಾ, "ನಾನು ಆ ರಾತ್ರಿ ಎದ್ದೇ ಇದ್ದೆ ಅಂತ. ನೀನು ಬಾಗಿಲ ಹತ್ತಿರ ಹೋಗಿದ್ದು, ಬಗ್ಗಿ ನೀರು ತುಂಬಿಕೊಂಡದ್ದು, ತಿರುಗಿ ಬಂದದ್ದು, ಎಲ್ಲಾ ಕಾಣುತ್ತೆ."

"ಬಿಸಿಲೇರುತ್ತೆ ಅತ್ತೆ, ಒಳಗೆ ಹೋಗಿ," ಎಂದು ಯೋಹನಾ ಕತ್ತೆ ಹತ್ತಿದಳು.

ಚಳಿಗಾಲ ಕಳೆಯುವ ಮುಂಚೆಯೇ ಹಿಲ್ಕಿಯಾ ಹೊಸ ಸಂಬಂಧ ತಂದ. ಒಳ್ಳೆಯ ಯಾಜಕ ಮನೆತನ, ಕೋಮಲವಾದ ಹುಡುಗಿ. ಹುಡುಗಿಯ ತಾಯಿಯ ಕಡೆಯ ವಂಶ ಶುದ್ಧವೇ ಎಂಬುದು ಮಾತ್ರ ಯಾರಿಗೂ ಖಚಿತವಿರಲಿಲ್ಲ, ಅದಕ್ಕೂ ಸಾಕ್ಷಿ ಬೇಕಿತ್ತು. ಶಪ್ಪೀರಾಳಿಗೆ ಆ ಮನೆಯವರು ಹಿಂದಿನಿಂದ ಗೊತ್ತು. ಮಗ ತಲೆ ಬಗ್ಗಿಸಿ ಕೂತಿದ್ದ. ಕಿಪ್ಪಾ ಬೆಚ್ಚಗಿನ ದ್ರಾಕ್ಷಾರಸ ತಂದಿಟ್ಟಳು.

"ಅತ್ತಿಗೆ, ನೀವೊಂದು ಮಾತು ಹೇಳಿಬಿಟ್ರೆ ಸಾಕು," ಅಂದ ಹಿಲ್ಕಿಯಾ. "ಊರಲ್ಲಿ ನಿಮ್ಮ ಮಾತಿಗೆ ಎದುರಾಡೋರು ಯಾರಿದ್ದಾರೆ? ನೀವು ಕಂಡೆ ಅಂದ್ರೆ ಕಂಡ ಹಾಗೇ."

ಶಪ್ಪೀರಾ ಮೊದಲು ಮಗನ ಮುಖ ನೋಡಿದಳು. ಅವನು ತಲೆ ಎತ್ತಲಿಲ್ಲ.

"ನನಗೆ ಕಣ್ಣು ಸರಿಯಾಗಿ ಕಾಣೋದಿಲ್ಲ ಹಿಲ್ಕಿಯಾ," ಅಂದಳು. "ಬೇರೆ ಯಾರನ್ನಾದ್ರೂ ಕೇಳು."

ಕೋಲು ತಡಕಿ ಹಿಡಿದು ಎದ್ದಳು. ಕಿಪ್ಪಾ ಆಸರೆ ಕೊಡಲು ಬಂದಾಗ ಬೇಡವೆಂದು ಕೈಯಾಡಿಸಿ, ಗೋಡೆ ಸವರುತ್ತ ಒಳಗೆ ಹೋದಳು.